ಉಂಡ ಮನೆ

ದಕ್ಕೆಯಲ್ಲಿ ಬೆಳಗಿನ ಐದೂವರೆ.
ಯಮುನಕ್ಕ ಮೆಂಡನ್ ಬಂಗುಡೆಯ ಹೊಟ್ಟೆಗೆ ಹೆಬ್ಬೆರಳೊತ್ತಿ
ಗಂಟೆ ಹೇಳುತ್ತಾಳೆ:
"ಇದು ನಿನ್ನೆ ಸಂಜೆಯದ್ದು. ಇದು ಮೊನ್ನೆಯದ್ದು, ಐಸಲ್ಲಿ ಮಲಗಿ ಎದ್ದದ್ದು.
ಇದು ಬೆಕ್ಕಿಗೆ."
ನನ್ನ ಚೀಲದಲ್ಲಿ ಗಡಿಯಾರವಿದೆ, ಥರ್ಮಾಮೀಟರಿದೆ,
ಹುಳಿ ಅಳೆಯುವ ಕಡ್ಡಿಯಿದೆ.
ಅಂಥ ಹೆಬ್ಬೆರಳಿಲ್ಲ.

ನಾನು ಕೊಳ್ಳುವುದು ಯಾರೂ ಕೊಳ್ಳದ್ದನ್ನು:
ಬಲೆಯ ಮೂಲೆಗೆ ಸಿಕ್ಕಿದ ಉಗುರುದ್ದದ ಸಿಗಡಿ,
ಜೀವ ಇನ್ನೂ ಮೀಸೆಯ ತುದಿಯಲ್ಲಿ ಆಡುವಂಥದ್ದು.
"ಇದರಲ್ಲಿ ಚಟ್ನಿಯೂ ಆಗ್ಲಿಕ್ಕಿಲ್ಲ. ಎಂತ ಮಾಡ್ತೀರಿ ಟೀಚರೇ?"
"ಕೊಳೆಸ್ತೇನೆ."
ಅವಳ ಕೈ ಐಸಿನ ಪುಡಿಯಲ್ಲೇ ನಿಂತಿತು.
ಮೂವತ್ತು ವರ್ಷ, ನೀರಿಳಿಯುವ ಬುಟ್ಟಿ ಹೊತ್ತು
ಕೊಳೆಯುವುದಕ್ಕಿಂತ ಒಂದು ಬೀದಿ ಮುಂದೆ ಓಡಿದವಳು.
ಮತ್ತೆ ನಕ್ಕಳು, ಆಚೀಚಿನ ಹೆಂಗಸರಿಗೆಲ್ಲ ಕೂಗಿ ಹೇಳಿದಳು.
ಅಂದಿನಿಂದ ದಕ್ಕೆಯಲ್ಲಿ ನಾನು
ಕೊಳೆಸುವ ಟೀಚರ್.

ಕಾಲೇಜಿನ ಹಿಂಬದಿಯ ಕೋಣೆ. ನಲವತ್ತು ಗಾಜಿನ ಭರಣಿ,
ಸಮುದ್ರದ ನೀರು, ಬೆಂಗ್ರೆಯಿಂದ ತಂದ ಕರಿಕೆಸರು.
ಪಕ್ಕದ ಗಣಿತದವರು ಕಿಟಕಿ ಹಾಕಿಕೊಂಡರು.
ಪ್ರಿನ್ಸಿಪಾಲ್ ಫಾದರ್ ಏನೂ ಅನ್ನದೆ
ಒಂದು ಕಟ್ಟು ಊದುಬತ್ತಿ ಕಳಿಸಿದರು.

ಮೊದಲು ನೀರಿನ ಉಸಿರು ಮುಗಿಯುತ್ತದೆ.
ಆಮೇಲೆ ಒಳಗಿನವರು ಹೊರಡುತ್ತಾರೆ,
ಕರುಳಿನ ಬಿಡಾರದಲ್ಲಿ ತಲೆತಲಾಂತರದಿಂದ
ಬಾಡಿಗೆ ಸಲ್ಲಿಸಿಕೊಂಡು ತೆಪ್ಪಗಿದ್ದವರು.
ಧಣಿ ಸತ್ತದ್ದು ಗೊತ್ತಾದ ರಾತ್ರಿ
ಗೋಡೆ ಒಡೆದು ನಡುಮನೆಗೆ ನುಗ್ಗುತ್ತಾರೆ.
ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ:
ಹೊಟ್ಟೆ ಬಿರಿದದ್ದು ನಲವತ್ತೊಂದನೆಯ ಗಂಟೆಗೆ.
"ಹೊಟ್ಟೆಯೇ ಮೊದಲು ಹೋಗುವುದು," ಎಂದಳು ಯಮುನಕ್ಕ,
"ಹತ್ತು ರೂಪಾಯಿ ಕೊಟ್ಟಿದ್ದರೆ ನಾನೇ ಹೇಳ್ತಿದ್ದೆ."

ಮೂವತ್ತೊಂಬತ್ತು ಭರಣಿಗಳಲ್ಲಿ ಉಳಿದದ್ದು ಗಂಜಿ.
ಬೂದು ಗಂಜಿ, ಮೇಲೊಂದು ಮೀಸೆ.
ಬೇಸರವೇನಿಲ್ಲ. ಈ ಊರು ಕೂತಿರುವ ಮುರಕಲ್ಲೂ
ಯಾರನ್ನೂ ನೆನಪಿಟ್ಟುಕೊಂಡದ್ದಿಲ್ಲ.
ಬಾವಿ ತೋಡುವವರನ್ನು ಕೇಳಿ:
ಒಂದು ಮುಳ್ಳು, ಒಂದು ಗರಿ, ಏನಾದರೂ ಸಿಕ್ಕಿತ್ತೇ?
ತೂತು. ತೂತಿನೊಳಗೆ ಕೆಂಪು ಮಣ್ಣು.

ನಲವತ್ತನೆಯದು ಫ್ರಿಜ್ಜಿನ ಹಿಂದೆ ಮರೆತದ್ದು,
ಬೋಟುಗಳೆಲ್ಲ ಒಂದಕ್ಕೊಂದು ಕಟ್ಟಿಕೊಂಡು ತೂಕಡಿಸುವ
ನಿಷೇಧದ ಅರವತ್ತೊಂದು ದಿನ.
ಮುಚ್ಚಳ ಬಿಗಿದೇ ಇತ್ತು.
ತೆಗೆದರೆ ನಾತದ ತಳದಲ್ಲಿ ಒಂದು ಸಿಗಡಿ,
ಬೆಳ್ಳಗೆ, ಬಿರುಸಾಗಿ,
ಕಾಲಿನ ಕೂದಲು ಕೂದಲೂ ಎಣಿಸುವ ಹಾಗೆ.

ಯಮುನಕ್ಕನನ್ನು ಕರೆದುಕೊಂಡು ಬಂದೆ.
ಸೆರಗಲ್ಲಿ ಕಣ್ಣೊರೆಸಿ ಸೂಕ್ಷ್ಮದರ್ಶಕಕ್ಕೆ ಬಾಗಿದಳು.
"ಸಾಬಕ್ಕಿ," ಎಂದಳು. "ಒತ್ತೊತ್ತಾಗಿ ಸಾಬಕ್ಕಿ."

ಹೌದು. ಮಾಂಸವಿದ್ದಲ್ಲಿ ಮಾಂಸವಿಲ್ಲ.
ತಿಂದವರು ತಿಂದ ಜಾಗದಲ್ಲೇ,
ಎಳೆ ಇದ್ದಲ್ಲಿ ಎಳೆಯಾಗಿ, ಮಡಿಕೆಯಿದ್ದಲ್ಲಿ ಮಡಿಕೆಯಾಗಿ
ಸುಣ್ಣವೂ ರಂಜಕವೂ ಮೈಗೆ ಹತ್ತಿ
ಏಳಲಾಗದೆ ಕಲ್ಲಾಗಿದ್ದಾರೆ.
ಮ್ಯೂಸಿಯಮ್ಮಿನ ಗಾಜಿಗೆ ಮೂಗು ತಾಗಿಸಿ
ಮೀನಿನ ಚರ್ಮ, ಹಕ್ಕಿಯ ಕಣ್ಣು ಎಂದು ನಾವು ನೋಡುವುದು
ಎಷ್ಟೋ ಸಲ
ಊಟ ಮುಗಿಸಿ ಕೈ ಒಣಗಿಸಿಕೊಂಡ ಪಂಕ್ತಿಯನ್ನು.

ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.
"ಇವರಾ? ಇಷ್ಟು ವರ್ಷ ನಾನು ಐಸು ಸುರಿದದ್ದು
ಇವರ ಮೇಲಾ?"
"ಇವರ ಮೇಲೆ."
"ಉಂಡ ಮನೆಗೆ ಎರಡು ಬಗೆಯಲಿಲ್ಲ ನೋಡಿ.
ಮನೆಯನ್ನೇ ಉಂಡರು. ಮತ್ತೆ ಗೋಡೆಯ ಲೆಕ್ಕಕ್ಕೆ
ತಾವೇ ನಿಂತರು."
ನನ್ನ ಪ್ರಬಂಧದಲ್ಲಿ ಇದೇ ಮಾತು
ಹನ್ನೊಂದು ಪುಟ, ಮೂರು ಕೋಷ್ಟಕ.

ಮುಂದಿನ ವಾರ ಮೊದಲ ಬೋಟು ಬಂತು.
ಗಿರಾಕಿಗಳ ಗದ್ದಲ, ಹದ್ದು, ಡೀಸೆಲ್ಲಿನ ಹೊಗೆ.
ಯಮುನಕ್ಕ ಬಂಗುಡೆಯ ಹೊಟ್ಟೆಗೆ ಹೆಬ್ಬೆರಳು ತಂದು
ಒತ್ತುವ ಮುಂಚೆ ಚೂರು ತಡೆದಳು,
ಒಳಗೆ ಜನರಿದ್ದಾರೆಂದು ಗೊತ್ತಿರುವ
ಬಾಗಿಲು ತಟ್ಟುವವಳ ಹಾಗೆ.

ಮತ್ತೆ ಐಸು ಸುರಿದಳು,
ಎರಡು ಬೊಗಸೆ ಹೆಚ್ಚೇ.